ಶುದ್ಧ ಗಾಳಿಯ ಹಕ್ಕಿನ ಮಸೂದೆ: ಓದುವುದು ಹೇಗೆ, ಅಭಿಪ್ರಾಯ ಬರೆಯುವುದು ಹೇಗೆ?

ಶುದ್ಧ ಗಾಳಿಯೂ ಬದುಕುವ ಹಕ್ಕಿನಲ್ಲಿ ಸೇರಿದೆ ಎಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. ಹಾಗಾದರೆ ಬೇರೆ ಕಾನೂನು ಯಾಕೆ? ಯಾಕೆಂದರೆ ಆ ಹಕ್ಕು ಕೇಳಲು ಪ್ರತಿ ಸಲ ಕೋರ್ಟಿನ ಮೆಟ್ಟಿಲು ಹತ್ತಬೇಕು.

ಬ್ರಿಟನ್ನಿನಲ್ಲಿ 2022ರಲ್ಲಿ ಇಂಥದ್ದೊಂದು ಮಸೂದೆ ಬಂತು. ಅಲ್ಲಿನ ಜನ ಅದನ್ನು 'ಎಲಾ ಕಾನೂನು' ಎನ್ನುತ್ತಾರೆ. ಎಲಾ ಲಂಡನ್ನಿನ 9 ವರ್ಷದ ಹುಡುಗಿ, 2013ರಲ್ಲಿ ಆಸ್ತಮಾದಿಂದ ತೀರಿಕೊಂಡವಳು. ಅವಳ ಸಾವಿಗೆ ಕೆಟ್ಟ ಗಾಳಿಯೂ ಕಾರಣ ಎಂದು 2020ರ ವಿಚಾರಣೆ ತೀರ್ಮಾನಿಸಿತು. ಮಸೂದೆ ಮೇಲ್ಮನೆ ದಾಟಿತು, ಕೆಳಮನೆಯಲ್ಲಿ ಸಿಕ್ಕಿಕೊಂಡಿತು.

ನಮ್ಮಲ್ಲೂ ಅಂಥ ಕರಡು ಬಂದರೆ ಮೊದಲು ಅದರಲ್ಲಿ ಅಂಕಿ ಹುಡುಕಿ. ಪಿಎಂ 2.5 ಎಂಬ ಅತಿ ಸಣ್ಣ ದೂಳಿಗೆ ನಮ್ಮ 2009ರ ಮಿತಿ ವರ್ಷದ ಸರಾಸರಿ ಘನ ಮೀಟರಿಗೆ 40 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 5. ಅಂಕಿ, ಗಡುವು ಎರಡೂ ಇಲ್ಲದ ಹಕ್ಕು ಸುಮ್ನೆ ಕಾಗದ.

ಆಮೇಲೆ, ದೂರು ಕೊಡುವ ದಾರಿ ನೋಡಿ. ನನ್ನ ಪ್ರಕಾರ ಜಾಸ್ತಿ ಹೊತ್ತು ಕೂರಬೇಕಾದ ಜಾಗ ಇದೇ. ಈಗಿರುವ 1981ರ ವಾಯು ಕಾಯ್ದೆಯ 43ನೇ ಸೆಕ್ಷನ್ ಪ್ರಕಾರ ಯಾರು ಬೇಕಾದರೂ ಕೋರ್ಟಿಗೆ ಹೋಗಬಹುದು. ಆದರೆ ಅದಕ್ಕೆ ಮೊದಲು ಮಾಲಿನ್ಯ ನಿಯಂತ್ರಣ ಮಂಡಳಿಗೆ 60 ದಿನದ ನೋಟಿಸ್ ಕೊಡಬೇಕು. ಕರಾವಳಿಯಲ್ಲಿ ಕೈಗಾರಿಕೆ ಇರುವ ಬೈಕಂಪಾಡಿಯಲ್ಲೋ ಎಲ್ಲೂರಿನಲ್ಲೋ ಒಬ್ಬರು ಏಪ್ರಿಲ್ ಮಧ್ಯದಲ್ಲಿ ನೋಟಿಸ್ ಕೊಟ್ಟರು ಅನ್ನಿ. 60 ದಿನ ಮುಗಿಯುವಾಗ ಜೂನ್ ಅರ್ಧ ಕಳೆದಿರುತ್ತದೆ. ತುಳಸಿಕಟ್ಟೆಯ ಮೇಲೆ, ತೆಂಗಿನ ಗರಿಯ ಮೇಲೆ ಕೂತಿದ್ದ ಕಪ್ಪು ದೂಳನ್ನು ಅಷ್ಟರಲ್ಲಿ ಮಳೆ ತೊಳೆದು ಬಿಟ್ಟಿರುತ್ತದೆ. ಸಾಕ್ಷಿ ಎಲ್ಲಿಂದ ತರುವುದು? ಹಾಗಾಗಿ ಈ ಅವಧಿ ಕಡಿಮೆಯಾಗಲಿ ಎಂದು ಬರೆಯಿರಿ. ಈಗ ದೂರು ಕೊಡುವವರು ತಾರೀಖು ಬೀಳುವಂತೆ ಫೋಟೊ ತೆಗೆದಿಡಿ. ಮಂಡಳಿಯ ಹತ್ತಿರವಿರುವ ವರದಿಗಳನ್ನೂ ಕೇಳಿ. ಇದೇ ಸೆಕ್ಷನ್ ಅದಕ್ಕೂ ಅವಕಾಶ ಕೊಡುತ್ತದೆ.

ಇನ್ನು ಅಳತೆ ಎಲ್ಲಿ ಆಗುತ್ತದೆ ಅನ್ನುವುದು. ಗಾಳಿಯ ಗುಣಮಟ್ಟ ತೋರಿಸುವ ಸರ್ಕಾರಿ 'ಸಮೀರ್' ಆ್ಯಪ್‌ ತೆರೆದು, ಮಂಗಳೂರಿನ ಕದ್ರಿಯಲ್ಲಿರುವ ಅಳತೆ ಕೇಂದ್ರದ ಅಂಕಿ ನೋಡಿ 'ಮಂಗಳೂರಿನ ಗಾಳಿ ಚೆನ್ನಾಗಿದೆ' ಅಂದುಬಿಟ್ಟರೆ ಹೇಗೆ? ಹಗಲು ಕಡಲ ಗಾಳಿ ಒಳನಾಡಿನ ಕಡೆ ಬೀಸುತ್ತದೆ. ಪಣಂಬೂರಿನ ಬಂದರಿನ ಕಡೆಯಿಂದ ಎದ್ದ ದೂಳು ಒಳಗಿನ ಜೋಕಟ್ಟೆಯ ಕಡೆಗೆ ಹೋದರೆ ಕದ್ರಿಯ ಅಂಕಿಯಲ್ಲಿ ಅದು ಕಾಣುವುದಿಲ್ಲ. ಕೈಗಾರಿಕೆಯ ಪೂರ್ವ ದಿಕ್ಕಿನಲ್ಲೂ ಗಾಳಿ ಅಳೆಯುವ ಒಂದು ಯಂತ್ರ ಇರಬೇಕು ಎಂಬ ಒಂದು ಸಾಲು ನಿಮ್ಮ ಪತ್ರದಲ್ಲಿರಲಿ.

ಪತ್ರ ಉದ್ದ ಬೇಡ. ಯಾವ ಕಲಮು, ಏನು ಬದಲಾಗಬೇಕು, ಯಾಕೆ, ಅಷ್ಟೇ. ಕೇಂದ್ರದ ಕರಡು ಮಸೂದೆಗಳನ್ನು ಕನಿಷ್ಠ 30 ದಿನ ಜನರ ಮುಂದಿಡಬೇಕು ಎಂಬುದು 2014ರ ನೀತಿ. ಕೊನೆಯ ದಿನದವರೆಗೆ ಕಾಯಬೇಡಿ. ಇಂಗ್ಲಿಷ್ ಬರುವುದಿಲ್ಲ ಎಂದು ಹಿಂಜರಿಯುವುದೂ ಬೇಡ: ಸಂವಿಧಾನದ 350ನೇ ವಿಧಿಯ ಪ್ರಕಾರ ಅಹವಾಲನ್ನು ಕನ್ನಡದಲ್ಲೇ ಸಲ್ಲಿಸಬಹುದು. ಒಂದು ಪ್ರತಿ ನಿಮ್ಮ ಸಂಸದರಿಗೂ ಹೋಗಲಿ.