ದಾರಿ ಬಂದ್ ಆದಾಗ ಕಿಮೋ ತಾರೀಕು ತಪ್ಪದಂತೆ ನೋಡಿಕೊಳ್ಳುವುದು

ಕೋವಿಡ್ ಕಾಲದಲ್ಲಿ ಉತ್ತರ ಕನ್ನಡದ ಕ್ಯಾನ್ಸರ್ ರೋಗಿಗಳನ್ನು ವೈರಸ್ಸಿಗಿಂತ ಮೊದಲು ತಡೆದದ್ದು ರಸ್ತೆ. ಕಾರವಾರದಿಂದ ಗೋವಾದ ಬಾಂಬೋಳಿಯ ಆಸ್ಪತ್ರೆಗೆ ಹೋಗಲು ಮಾಜಾಳಿ ಗಡಿ ದಾಟಬೇಕು. ಶಿರಸಿ, ಯಲ್ಲಾಪುರದವರಿಗೆ ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆ, ಭಟ್ಕಳ, ಹೊನ್ನಾವರದವರಿಗೆ ಮಣಿಪಾಲ ಇಲ್ಲವೇ ಮಂಗಳೂರು. 2020ರ ಮಾರ್ಚ್ 25ರಿಂದ ಈ ದಾರಿಗಳೆಲ್ಲ ಒಮ್ಮೆಲೇ ಬಿಗಿಯಾದವು. ದೇಶದ 41 ಕ್ಯಾನ್ಸರ್ ಕೇಂದ್ರಗಳಲ್ಲಿ ಆ ವರ್ಷದ ಮಾರ್ಚ್‌ನಿಂದ ಮೇವರೆಗೆ ಹೊಸ ನೋಂದಣಿ 2019ಕ್ಕಿಂತ ಶೇ 54, ಹೊರರೋಗಿಗಳ ಕಿಮೋ ಶೇ 37, ದೊಡ್ಡ ಶಸ್ತ್ರಚಿಕಿತ್ಸೆ ಶೇ 49 ಇಳಿದವು. ದಾರಿ ಮುಚ್ಚಲು ಸಾಂಕ್ರಾಮಿಕವೇ ಬರಬೇಕೆಂದೇನಿಲ್ಲ. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗಲೂ ಹೆದ್ದಾರಿ ಬಂದ್ ಆಗಿತ್ತು. ತಾಲ್ಲೂಕು ಆಸ್ಪತ್ರೆಯವರು ಈ ತಯಾರಿಯನ್ನು ಮೊದಲೇ ಮಾಡಿಟ್ಟುಕೊಳ್ಳುವುದು ಒಳ್ಳೆಯದು.

ಮೊದಲು ಪಟ್ಟಿ

ಒಂದು ರಿಜಿಸ್ಟರ್ ಸಾಕು. ಊರು, ಕಾಯಿಲೆ, ಔಷಧಿಯ ಹೆಸರು ಮತ್ತು ಮಿಲಿಗ್ರಾಂ ಲೆಕ್ಕ, ಎತ್ತರ, ತೂಕ, ಎಷ್ಟನೇ ಸೈಕಲ್ (ಕಿಮೋ ಸುತ್ತು), ಮುಂದಿನ ತಾರೀಕು, ಚಿಕಿತ್ಸೆ ಕೊಡುವ ಡಾಕ್ಟರ ನಂಬರು. ರೋಗಿಯದು ಎರಡು ಫೋನ್ ನಂಬರು ಬೇಕು. ಜೋಯಿಡಾ, ಸಿದ್ದಾಪುರದ ಒಳಹಳ್ಳಿಗಳಲ್ಲಿ ನೆಟ್‌ವರ್ಕ್ ಸಿಗದಿದ್ದರೆ ಆಶಾ ಕಾರ್ಯಕರ್ತೆಯದ್ದೋ ಹಾಲಿನ ಡೇರಿಯವರದ್ದೋ ಬರೆದುಕೊಳ್ಳಿ. ಡಿಸ್ಚಾರ್ಜ್ ಚೀಟಿಯ ಫೋಟೊ ಆಸ್ಪತ್ರೆಯ ಫೋನಿನಲ್ಲಿರಲಿ. ಅದಿಲ್ಲದೆ ಬೇರೆ ಯಾವ ಆಸ್ಪತ್ರೆಯೂ ಮುಂದಿನ ಡೋಸ್ ಕೊಡಲು ಒಪ್ಪುವುದಿಲ್ಲ, ಒಪ್ಪಲೂ ಬಾರದು.

ನಂತರ ಚಿಕಿತ್ಸೆ ಕೊಡುವ ಡಾಕ್ಟರ ಜೊತೆ ಕೂತು ಹೆಸರುಗಳನ್ನು ವಿಂಗಡಿಸಿ. ತೀವ್ರ ರಕ್ತಕ್ಯಾನ್ಸರ್, ವೇಗವಾಗಿ ಬೆಳೆಯುವ ಲಿಂಫೋಮಾ (ದುಗ್ಧಗ್ರಂಥಿಯ ಕ್ಯಾನ್ಸರ್), ವೃಷಣದ ಕ್ಯಾನ್ಸರ್, ಮಕ್ಕಳು, ಅರ್ಧ ರೇಡಿಯೇಷನ್ ಮುಗಿಸಿದವರು: ಇವರನ್ನು ಹೇಗಾದರೂ ಕಳಿಸಲೇಬೇಕು. ಗರ್ಭಕೊರಳಿನ ಕ್ಯಾನ್ಸರ್‌ನಲ್ಲಿ ಒಳಗಿನಿಂದ ಕೊಡುವ ರೇಡಿಯೇಷನ್ ಸೇರಿ ಎಲ್ಲವೂ ಎಂಟು ವಾರದೊಳಗೆ ಮುಗಿಯಬೇಕು. ಕವಳ (ಎಲೆ, ಅಡಿಕೆ, ತಂಬಾಕು) ಹಾಕುವವರಲ್ಲಿ ಹೆಚ್ಚಾಗಿ ಕಾಣುವ ಬಾಯಿ ಕ್ಯಾನ್ಸರ್‌ನಲ್ಲಿ, ರೇಡಿಯೇಷನ್ ಮಧ್ಯೆ ತಪ್ಪಿದ ಒಂದೊಂದು ದಿನಕ್ಕೂ ಗಡ್ಡೆ ಹತೋಟಿಗೆ ಬರುವ ಸಾಧ್ಯತೆ ಸುಮಾರು ಶೇ 1ರಷ್ಟು ಇಳಿಯುತ್ತದೆ. ಇನ್ನು ಕೆಲವರಿಗೆ ಓಡಾಟ ಕಡಿಮೆ ಮಾಡಬಹುದು: ವಾರಕ್ಕೊಮ್ಮೆ ಕೊಡುವ ಪ್ಯಾಕ್ಲಿಟ್ಯಾಕ್ಸೆಲ್ ಮೂರು ವಾರಕ್ಕೊಮ್ಮೆ, 5-ಎಫ್‌ಯು ಡ್ರಿಪ್ ಬದಲು ಕ್ಯಾಪೆಸಿಟಬಿನ್ ಮಾತ್ರೆ, ಸ್ತನಕ್ಕೆ ಮೂರು ವಾರದ ಬದಲು ಒಂದೇ ವಾರದಲ್ಲಿ ಐದು ಸಲ ರೇಡಿಯೇಷನ್. ಇದನ್ನು ನಿರ್ಧರಿಸುವುದು ಕ್ಯಾನ್ಸರ್ ಡಾಕ್ಟರು ಮಾತ್ರ. ಮುಂದೂಡಬಹುದಾದವರ ಹೆಸರಿನ ಮುಂದೆಯೂ ಒಂದು ತಾರೀಕು ಇರಲೇಬೇಕು. ‘ಆಮೇಲೆ ನೋಡೋಣ’ ಎಂದು ಬರೆದ ಹೆಸರು ಮರೆತೇ ಹೋಗುತ್ತದೆ. ಹಲವು ಕ್ಯಾನ್ಸರ್‌ಗಳಲ್ಲಿ ಚಿಕಿತ್ಸೆ ನಾಲ್ಕು ವಾರ ತಡವಾದರೆ ಸಾವಿನ ಅಪಾಯ ಶೇ 6ರಿಂದ 13ರಷ್ಟು ಹೆಚ್ಚುತ್ತದೆ.

ಗಾಡಿ ಹತ್ತಿಸುವ ಒಂದೆರಡು ದಿನ ಮೊದಲು ಊರಲ್ಲೇ ರಕ್ತ ಪರೀಕ್ಷೆ ಮಾಡಿಸಿ ವರದಿಯನ್ನು ವಾಟ್ಸಾಪ್ ಮಾಡಿ. ಸಾಮಾನ್ಯವಾಗಿ ನ್ಯೂಟ್ರೋಫಿಲ್ (ಸೋಂಕಿನೊಡನೆ ಹೋರಾಡುವ ಬಿಳಿ ರಕ್ತಕಣ) 1,500, ಪ್ಲೇಟ್‌ಲೆಟ್ 1 ಲಕ್ಷ ಇದ್ದರೆ ಕಿಮೋ ಕೊಡುತ್ತಾರೆ. ಒಟ್ಟು ಬಿಳಿ ರಕ್ತಕಣ 3,200, ಅದರಲ್ಲಿ ನ್ಯೂಟ್ರೋಫಿಲ್ ಶೇ 40 ಎಂದಿದ್ದರೆ ಲೆಕ್ಕ 1,280. ಡಾಕ್ಟರನ್ನು ಕೇಳದೆ ಹೊರಟರೆ ಅರಬೈಲ್ ಘಟ್ಟ ಹತ್ತಿ ಬರಿಗೈಯಲ್ಲಿ ಇಳಿಯಬೇಕಾದೀತು. ಬಿಳಿ ರಕ್ತಕಣ ಏರಿಸುವ ಫಿಲ್‌ಗ್ರಾಸ್ಟಿಮ್ ಇಂಜೆಕ್ಷನ್ ಬರೆದುಕೊಟ್ಟಿದ್ದರೆ ಅದನ್ನು ಊರಿನ ನರ್ಸೇ ಕೊಡಬಹುದು, ಕಿಮೋ ಮುಗಿದು 24 ಗಂಟೆ ಕಳೆದ ಮೇಲೆ. 2ರಿಂದ 8 ಡಿಗ್ರಿಯಲ್ಲಿ ತರಬೇಕು. ಐಸ್ ಪ್ಯಾಕಿಗೆ ನೇರ ತಾಗಿಸಿಟ್ಟರೆ ಹೆಪ್ಪುಗಟ್ಟಿ ಕೆಡಬಹುದು, ನಡುವೆ ಬಟ್ಟೆ ಹಾಕಿ.

ಜ್ವರ ಬಂದರೆ

ಕೋವಿಡ್ ಕಾಲದಲ್ಲಿ ಎಲ್ಲಕ್ಕಿಂತ ಕೆಟ್ಟ ಎಡವಟ್ಟು ಆಗುತ್ತಿದ್ದುದು ಇಲ್ಲಿ. ಜ್ವರ ಎಂದರೆ ಸ್ವಾಬ್, ಸ್ವಾಬ್ ಎಂದರೆ ಸಾಲು, ವರದಿ ಬರುವವರೆಗೆ ಯಾರೂ ಮುಟ್ಟುವುದಿಲ್ಲ. ಕಿಮೋ ಆಗಿ 7ರಿಂದ 14ನೇ ದಿನದ ಸುಮಾರಿಗೆ ಬಿಳಿ ರಕ್ತಕಣ ತಳ ಮುಟ್ಟಿರುತ್ತದೆ. ಆಗ 100.4 ಡಿಗ್ರಿ ಫ್ಯಾರನ್‌ಹೀಟ್ ಜ್ವರ ಬಂದರೂ ಅದು ತುರ್ತು. ಬ್ಲಡ್ ಕಲ್ಚರ್ ತೆಗೆದು, ಅಲರ್ಜಿ ಕೇಳಿಕೊಂಡು, ಒಂದು ಗಂಟೆಯೊಳಗೆ ಡಾಕ್ಟರು ಹೇಳಿದ ಆಂಟಿಬಯಾಟಿಕ್ ರಕ್ತನಾಳಕ್ಕೆ ಹೋಗಬೇಕು, ಉದಾಹರಣೆಗೆ ಪಿಪರಾಸಿಲಿನ್-ಟ್ಯಾಜೋಬ್ಯಾಕ್ಟಮ್ 4.5 ಗ್ರಾಂ. ಸ್ವಾಬ್ ಪಕ್ಕದಲ್ಲಿ ಆಗಲಿ, ಅದಕ್ಕಾಗಿ ಕಾಯಬೇಡಿ. ‘ಕಿಮೋ ರೋಗಿ, ಜ್ವರ ಇದ್ದರೆ ಕೂಡಲೇ ಆಂಟಿಬಯಾಟಿಕ್’ ಎಂದು ಬರೆದ ಕೆಂಪು ಕಾರ್ಡು ಪ್ರತಿ ರೋಗಿಯ ಜೇಬಿನಲ್ಲಿರಲಿ; ಗೇಟಿನ ಸಿಬ್ಬಂದಿಗೂ ಅದರ ಗುರುತಿರಲಿ. ರೂಢಿಯಂತೆ ಸೊಂಟಕ್ಕೆ ಜ್ವರದ ಇಂಜೆಕ್ಷನ್ ಚುಚ್ಚಬೇಡಿ. ಪ್ಲೇಟ್‌ಲೆಟ್ ಇಳಿದಿದ್ದರೆ ಒಳಗೇ ರಕ್ತ ಕಟ್ಟುತ್ತದೆ. ಡಿಸೆಂಬರ್‌ನಿಂದ ಮೇವರೆಗೆ ಸಿದ್ದಾಪುರ, ಹೊನ್ನಾವರದ ಕಡೆಯವರಾದರೆ ದರಕು (ಒಣಗಿದ ಎಲೆ) ತರಲು ಕಾಡಿಗೆ ಹೋಗಿದ್ದರೇ ಎಂದು ಕೇಳಿ. ಕಾಡಿನ ಉಣ್ಣೆ ಕಚ್ಚಿ ಬರುವ ಮಂಗನ ಕಾಯಿಲೆಯಲ್ಲೂ ಬಿಳಿ ರಕ್ತಕಣ, ಪ್ಲೇಟ್‌ಲೆಟ್ ಎರಡೂ ಇಳಿಯುತ್ತವೆ, ತಪ್ಪನ್ನೆಲ್ಲ ಕಿಮೋ ಮೇಲೆ ಹಾಕಿ ಸುಮ್ಮನಾಗುವ ಅಪಾಯವಿದೆ.

ನೋವಿನ ಮಾರ್ಫಿನ್‌ಗೆ ಫೋನ್ ಚೀಟಿ ನಡೆಯುವುದಿಲ್ಲ. 2020ರ ಟೆಲಿಮೆಡಿಸಿನ್ ಮಾರ್ಗಸೂಚಿ ಮಾದಕ ಔಷಧಿಗಳನ್ನು ಹೊರಗಿಟ್ಟಿದೆ. ಖಾಲಿಯಾಗುವ ಒಂದು ವಾರ ಮೊದಲೇ ಕಾಗದದ ಚೀಟಿ ತರಿಸಿ, ಜೊತೆಗೆ ಮಲಬದ್ಧತೆಯ ಔಷಧಿಯೂ ಇರಲಿ.

ಸಿಬ್ಬಂದಿ

ಕಿಮೋ ಹಾಕಲು ತಿಳಿದ ನರ್ಸ್ ಇಬ್ಬರೇ ಇದ್ದರೆ ಒಬ್ಬೊಬ್ಬರನ್ನು ಒಂದೊಂದು ತಂಡಕ್ಕೆ ಹಾಕಿ, ತಂಡಗಳು ಬೆರೆಯದಿರಲಿ. ಊಟ, ಚಹಾ ಬೇರೆ ಬೇರೆ ಹೊತ್ತಿಗೆ ಆಗಲಿ. ಮಾಸ್ಕ್ ತೆಗೆಯುವುದು ಅಲ್ಲೇ, ಹರಡುವುದೂ ಅಲ್ಲೇ. ಈ ನರ್ಸ್‌ಗಳನ್ನು ಕೋವಿಡ್ ವಾರ್ಡಿಗೆ ಎಳೆಯಬಾರದೆಂದು ಲಿಖಿತ ಆದೇಶ ಮೊದಲೇ ಪಡೆದಿಟ್ಟುಕೊಳ್ಳಿ, ಬಾಯಿಮಾತು ನಿಲ್ಲುವುದಿಲ್ಲ.

ಕರಾವಳಿಯ ಏಪ್ರಿಲ್, ಮೇ ಸೆಕೆಯಲ್ಲಿ ಪೂರ್ತಿ ಪಿಪಿಇ (ರಕ್ಷಣಾ ಉಡುಪು) ಹಾಕಿದರೆ ಗಾಗಲ್ ಮಂಜಾಗಿ ರಕ್ತನಾಳ ಕಾಣುವುದಿಲ್ಲ, ಸೂಜಿ ಬೆರಳಿಗೆ ಚುಚ್ಚುತ್ತದೆ. ಕೋವಿಡ್ ಇಲ್ಲದ ರೋಗಿಗೆ ಕಿಮೋ ಹಾಕಲು ಅಷ್ಟು ಬೇಡ: ಎರಡು ಜೊತೆ ನೈಟ್ರೈಲ್ ಗ್ಲೌಸ್, ಉದ್ದ ತೋಳಿನ ನೀರು ಹೀರದ ಗೌನ್, ಎನ್-95, ಮುಖಕ್ಕೆ ಶೀಲ್ಡ್. ವಿನೈಲ್ ಗ್ಲೌಸ್ ಔಷಧಿಯನ್ನು ತಡೆಯುವುದಿಲ್ಲ. ಅರ್ಧ ಗಂಟೆಗೊಮ್ಮೆ ಗ್ಲೌಸ್ ಬದಲಿಸಿ. ಕಳಚುವಾಗ ಮೊದಲು ಗ್ಲೌಸ್, ಗೌನ್, ಕೈಗೆ ಸ್ಯಾನಿಟೈಸರ್, ಆಮೇಲೆ ಶೀಲ್ಡ್. ಕೊಠಡಿಯಿಂದ ಹೊರಬಂದ ಮೇಲಷ್ಟೇ ಎನ್-95, ಮತ್ತೆ ಕೈ ತೊಳೆಯುವುದು. ‘ಈ ಸಲ ಬರಬೇಡಿ’ ಎಂದು ಫೋನಿನಲ್ಲಿ ಹೇಳುವ ಕೆಲಸ ದಿನವೂ ಒಬ್ಬರದೇ ಆದರೆ ಅವರು ಬೇಗ ಕುಸಿಯುತ್ತಾರೆ. ಪಾಳಿ ಹಾಕಿ, ಕೆಟ್ಟ ಸುದ್ದಿಯ ಕರೆಯನ್ನು ಡಾಕ್ಟರೇ ಮಾಡಲಿ.

ಹೊಸ ರೋಗಿಗಳ ಪತ್ತೆಯೂ ನಿಲ್ಲದಿರಲಿ. ಎರಡು ಮೂರು ವಾರದಲ್ಲಿ ಮಾಯದ ಬಾಯಿ ಹುಣ್ಣು ಕಂಡರೆ ಬಯಾಪ್ಸಿ ತಾಲ್ಲೂಕಿನಲ್ಲೇ ತೆಗೆಸಿ. ತುಣುಕಿನ ಹತ್ತು ಪಟ್ಟು ಶೇ 10 ಫಾರ್ಮಲಿನ್‌ನಲ್ಲಿ ಮುಳುಗಿಸಿ, ಹೆಸರು, ಜಾಗ, ತಾರೀಕು ಬರೆದು ಕಳಿಸಿ. ಸಲೈನ್‌ನಲ್ಲಿ ಹಾಕಿದರೆ ದಾರಿಯಲ್ಲೇ ಕೊಳೆಯುತ್ತದೆ. ರೋಗಿ ಹೋಗಲಾಗದ ದಿನವೂ ಡಬ್ಬಿ ಆಂಬುಲೆನ್ಸ್‌ನಲ್ಲಿ ಹೋಗಬಲ್ಲದು.