ಸಣ್ಣ ಸ್ಟೇಷನ್‌ನಲ್ಲಿ ರೈಲು ನಿಲ್ಲಿಸಿಕೊಳ್ಳುವುದು ಹೇಗೆ: ಅರ್ಜಿಯಿಂದ ಬಸ್‌ವರೆಗೆ

"ನಮ್ಮೂರಲ್ಲಿ ಎಕ್ಸ್‌ಪ್ರೆಸ್ ನಿಲ್ಲಬೇಕು" ಅಂತ ಮನವಿ ಕೊಡದ ಊರು ರೈಲು ಹಳಿ ಪಕ್ಕ ಸಿಗುವುದು ಕಷ್ಟ. ಎಂಪಿ ಬಂದಾಗ ಹಾರ ಹಾಕಿ, ಮನವಿ ಕೊಟ್ಟು, ಫೋಟೋ ತೆಗೆಸಿಕೊಂಡು, ಅದು ಮರುದಿನ ಪೇಪರ್‌ನಲ್ಲಿ ಬಂದರೆ ಅಲ್ಲಿಗೆ ವಿಷಯ ಮುಗಿಯಿತು. ಎಂಪಿಯನ್ನು ಹಿಡಿಯುವುದು ತಪ್ಪಲ್ಲ, ಅವರ ಪತ್ರ ಬೇಕೇ ಬೇಕು. ಆದರೆ ಆ ಪತ್ರ ರೈಲ್ವೆ ಕಚೇರಿ ಮುಟ್ಟಿದ ಮೇಲೆ ಅಲ್ಲಿ ನೋಡುವುದು ಇಷ್ಟೇ: ಎಷ್ಟು ಜನ ಹತ್ತುತ್ತಾರೆ, ಎಷ್ಟು ದುಡ್ಡು ಬರುತ್ತದೆ, ಗಾಡಿಗೆ ಎಷ್ಟು ಹೊತ್ತು ಹಿಡಿಯುತ್ತದೆ. ಇದಕ್ಕೆ ಉತ್ತರ ಇಲ್ಲದ ಮನವಿ ವಾಪಸ್ ಬರುವುದು ಸಹಜ.

ಹಾಗಾಗಿ ಈ ಕೆಲಸವನ್ನು ಎಲ್ಲಿಂದ ಶುರು ಮಾಡಬೇಕು, ಯಾರನ್ನು ಏನು ಕೇಳಬೇಕು ಅಂತ ಇಲ್ಲಿ ಬರೆದಿದ್ದೇನೆ. ಊರಲ್ಲಿ ನಾಲ್ಕೈದು ಜನ ಕೂಡಿ ಕೂತರೆ ಸಾಕು, ದೊಡ್ಡ ಸಂಘಟನೆ ಬೇಕಿಲ್ಲ.

ಮೊದಲು ನಿಮ್ಮ ಸ್ಟೇಷನ್ ಯಾರದ್ದು ತಿಳಿದುಕೊಳ್ಳಿ

ಕರ್ನಾಟಕದ ರೈಲೆಲ್ಲ ಹುಬ್ಬಳ್ಳಿಯ ನೈರುತ್ಯ ರೈಲ್ವೆ ಕೈಯಲ್ಲಿದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. 2003ರಲ್ಲಿ ಆ ವಲಯ ಆಯಿತು ನಿಜ, ಅದರ ಕೆಳಗೆ ಹುಬ್ಬಳ್ಳಿ, ಬೆಂಗಳೂರು, ಮೈಸೂರು ಅಂತ ಮೂರು ವಿಭಾಗಗಳಿವೆ. ಆದರೆ ಕಲಬುರಗಿ ಇರುವುದು ಸೊಲ್ಲಾಪುರ ವಿಭಾಗದಲ್ಲಿ. ಬೀದರ್ ಸಿಕಂದರಾಬಾದ್‌ಗೆ ಸೇರಿದೆ, ರಾಯಚೂರು ಮತ್ತು ಯಾದಗಿರಿ ಬಹಳ ಕಾಲ ಗುಂತಕಲ್‌ ವಿಭಾಗದಲ್ಲಿದ್ದವು. ಮಂಗಳೂರು ಸೆಂಟ್ರಲ್ ಪಾಲಕ್ಕಾಡ್ ವಿಭಾಗದ್ದು. ಉಡುಪಿ, ಕುಂದಾಪುರ, ಭಟ್ಕಳ, ಕಾರವಾರದ ಕಡೆಯವರಾದರೆ ಕೊಂಕಣ ರೈಲ್ವೆ, ಅದು ಬೇರೆಯೇ ಸಂಸ್ಥೆ. ಕಲಬುರಗಿಗೆ ತನ್ನದೇ ವಿಭಾಗ ಬೇಕು ಅನ್ನುವ ಕೂಗು ಯಾಕೆ ನಿಂತಿಲ್ಲ ಅಂತ ಇದನ್ನು ನೋಡಿದರೆ ಗೊತ್ತಾಗುತ್ತದೆ. ತಮ್ಮ ಜಿಲ್ಲೆಯ ರೈಲಿನ ಬಗ್ಗೆ ಮಾತಾಡಲು ಬೇರೆ ರಾಜ್ಯದ ಊರಿಗೆ ಹೋಗಬೇಕು ಅಂದರೆ ಜನಕ್ಕೆ ಬೇಜಾರಾಗದೆ ಇರುತ್ತದಾ?

ನಿಮ್ಮ ಪತ್ರ ಹೋಗಬೇಕಾದದ್ದು ಆ ವಿಭಾಗದ ಡಿಆರ್‌ಎಂ, ಅಂದರೆ ವಿಭಾಗೀಯ ರೈಲ್ವೆ ವ್ಯವಸ್ಥಾಪಕರ ಕಚೇರಿಗೆ. ಕನ್ನಡದಲ್ಲಿ ಬರೆಯಿರಿ, ಜೊತೆಗೆ ಒಂದು ಇಂಗ್ಲಿಷ್ ಪ್ರತಿಯನ್ನೂ ಇಡಿ. ಸೊಲ್ಲಾಪುರದಲ್ಲಿ ಕೂತವರಿಗೆ ಕನ್ನಡ ಓದಲು ಬರದಿದ್ದರೆ ನಿಮ್ಮ ಕಾಗದ ಅಲ್ಲೇ ಕೂರುತ್ತದೆ.

ಲೆಕ್ಕ ನೀವೇ ತೆಗೆಯಿರಿ

ಇದು ಎಲ್ಲಕ್ಕಿಂತ ಮುಖ್ಯ, ಮತ್ತು ಜನ ಹೆಚ್ಚಾಗಿ ಬಿಟ್ಟುಬಿಡುವುದೂ ಇದನ್ನೇ. ಎರಡು ಲೆಕ್ಕ ಬೇಕು.

ಒಂದು, ಈಗ ಸ್ಟೇಷನ್‌ನಿಂದ ಎಷ್ಟು ಟಿಕೆಟ್ ಹೋಗುತ್ತಿದೆ. ಇದು ಮಾಹಿತಿ ಹಕ್ಕಿನಲ್ಲಿ ಸಿಗುತ್ತದೆ. ರೈಲ್ವೆ ಕೇಂದ್ರ ಸರ್ಕಾರದ್ದು, ಆದ್ದರಿಂದ ಕೇಂದ್ರದ ಆನ್‌ಲೈನ್ ಪೋರ್ಟಲ್‌ನಲ್ಲೇ 10 ರೂಪಾಯಿ ಕಟ್ಟಿ ಅರ್ಜಿ ಹಾಕಬಹುದು, 30 ದಿನದಲ್ಲಿ ಉತ್ತರ ಕೊಡಬೇಕು. "ನಿಲುಗಡೆ ಯಾಕೆ ಕೊಟ್ಟಿಲ್ಲ" ಅಂತ ಕೇಳಬೇಡಿ, ಯಾಕೆ ಅನ್ನೋ ಪ್ರಶ್ನೆಗೆ ಉತ್ತರ ಕೊಡಬೇಕಿಲ್ಲ ಅಂತ ತಳ್ಳಿಹಾಕುತ್ತಾರೆ. ಹೀಗೆ ಕೇಳಿ: "ಕಳೆದ 24 ತಿಂಗಳಲ್ಲಿ ಈ ಸ್ಟೇಷನ್‌ನಿಂದ ಹೊರಟ ಪ್ರಯಾಣಿಕರ ಸಂಖ್ಯೆ ಮತ್ತು ಟಿಕೆಟ್ ಆದಾಯವನ್ನು ತಿಂಗಳುವಾರು ಕೊಡಿ. ಸೀಸನ್ ಪಾಸ್‌ನ ಸಂಖ್ಯೆಯನ್ನು ಬೇರೆಯಾಗಿ ಕೊಡಿ. ಈ ಸ್ಟೇಷನ್‌ನಲ್ಲಿ ನಿಲುಗಡೆ ಕೋರಿ ಬಂದ ಪತ್ರಗಳ ಮೇಲೆ ಬರೆದ ಟಿಪ್ಪಣಿಗಳ ನಕಲು ಕೊಡಿ." ಈ ಕೊನೆಯ ಸಾಲು ಮರೆಯಬೇಡಿ. ಹಿಂದೆ ಯಾರೋ ಕೊಟ್ಟ ಮನವಿಗೆ ಒಳಗೆ ಏನು ಬರೆದಿದ್ದಾರೆ ಅಂತ ಗೊತ್ತಾದರೆ, ಈ ಸಲ ಅದಕ್ಕೆ ಉತ್ತರ ಇಟ್ಟುಕೊಂಡೇ ಹೋಗಬಹುದು.

ಎರಡನೆಯದು, ರೈಲು ಇಲ್ಲದೆ ಬಸ್ಸು, ಟೆಂಪೋ, ಬೈಕ್ ಹಿಡಿದು ಹೋಗುತ್ತಿರುವವರ ಲೆಕ್ಕ. ಇದನ್ನು ಯಾವ ಕಚೇರಿಯೂ ಕೊಡಲ್ಲ. ಬೆಳಿಗ್ಗೆ 6ರಿಂದ 9ರವರೆಗೆ ಬಸ್ ಸ್ಟ್ಯಾಂಡ್‌ನಲ್ಲಿ, ಊರ ಕ್ರಾಸ್‌ನಲ್ಲಿ ಒಂದೊಂದು ನೋಟ್‌ಬುಕ್ ಹಿಡಿದು ನಿಲ್ಲಿ. ಸೋಮವಾರ ಒಂದು ದಿನ, ಸಂತೆ ದಿನ ಒಂದು, ವಾರದ ಮಧ್ಯೆ ಒಂದು. ಪ್ರತಿಯೊಬ್ಬರನ್ನೂ ಎಲ್ಲಿಗೆ ಹೊರಟಿದ್ದೀರಿ, ಎಷ್ಟೊತ್ತಿಗೆ ಅಲ್ಲಿರಬೇಕು, ವಾಪಸ್ ಎಷ್ಟೊತ್ತಿಗೆ ಅಂತ ಕೇಳಿ ಬರೆದುಕೊಳ್ಳಿ. ಹೆಸರು, ಫೋನ್ ನಂಬರ್ ಕೇಳಬೇಡಿ, ಜನ ಹಿಂಜರಿಯುತ್ತಾರೆ. ಕಾಲೇಜಿಗೆ ಹೋಗೋ ಹುಡುಗಿಯರು, ಗಾರ್ಮೆಂಟ್ಸ್‌ಗೆ ಹೋಗುವವರು, ಜಿಲ್ಲಾಸ್ಪತ್ರೆಗೆ ಡಯಾಲಿಸಿಸ್‌ಗೆ ಹೋಗುವವರು ಅಂತ ಬೇರೆ ಬೇರೆ ಕಾಲಂ ಮಾಡಿದರೆ ಒಂದು ವಿಷಯ ಎದ್ದು ಕಾಣುತ್ತದೆ. ಹೆಚ್ಚಿನವರಿಗೆ ಬೇಕಾಗಿರುವುದು ಬೆಂಗಳೂರಿಗೆ ಹೋಗೋ ಎಕ್ಸ್‌ಪ್ರೆಸ್ ಅಲ್ಲ. ಜಿಲ್ಲಾ ಕೇಂದ್ರಕ್ಕೆ ಒಂಬತ್ತು ಗಂಟೆಯೊಳಗೆ ಮುಟ್ಟಿಸಿ, ಸಂಜೆ ಐದೂವರೆ ಮೇಲೆ ವಾಪಸ್ ಕರೆತರುವ ಒಂದು ಪ್ಯಾಸೆಂಜರ್ ಗಾಡಿ.

ಸಣ್ಣದು ಕೇಳಿ

ಹೊಸ ರೈಲು ಕೇಳಿದರೆ ರೇಕ್ (ಒಂದು ಗಾಡಿಯ ಬೋಗಿಗಳ ಸಾಲು) ಇಲ್ಲ, ಹಳಿ ಖಾಲಿ ಇಲ್ಲ, ಮಾತು ಅಲ್ಲಿಗೆ ಮುಗಿಯುತ್ತದೆ. ಹೊಸ ಮಾರ್ಗವಂತೂ ಒಂದು ತಲೆಮಾರಿನ ಕೆಲಸ. ಗದಗ–ವಾಡಿ ಮಾರ್ಗ ಮಂಜೂರಾಗಿದ್ದು 2013–14ರ ಹೊತ್ತಿಗೆ, ಕುಷ್ಟಗಿಯ ಜನ ತಮ್ಮೂರಲ್ಲಿ ಹುಬ್ಬಳ್ಳಿ ರೈಲು ಹತ್ತಿದ್ದು 2025ರ ಮೇನಲ್ಲಿ. ಅದಕ್ಕೂ ಹೋರಾಡಬೇಕು, ಆದರೆ ಅಷ್ಟರ ತನಕ ಈಗ ಓಡುತ್ತಿರುವ ಗಾಡಿಗಳಲ್ಲೇ ಏನು ಸಿಗುತ್ತದೆ ನೋಡಿ.

ನನ್ನ ಪ್ರಕಾರ ಸಮಯ ಬದಲಾವಣೆ ಕೇಳುವುದು ಎಲ್ಲಕ್ಕಿಂತ ಸುಲಭ. ಪ್ಯಾಸೆಂಜರ್ ಗಾಡಿ 9:40ಕ್ಕೆ ಮುಟ್ಟುವುದು 9:10ಕ್ಕೆ ಮುಟ್ಟಿದರೆ ಅದೇ ಗಾಡಿ ನಾಳೆಯಿಂದ ತುಂಬಿ ಹೋಗಬಹುದು, ರೈಲ್ವೆಗೆ ಖರ್ಚೂ ಇಲ್ಲ. ಹೊಸ ವೇಳಾಪಟ್ಟಿ ಹೊರಬರುವ ತಿಂಗಳು ಬದಲಾಗುತ್ತಿರುತ್ತದೆ. 2025ರಲ್ಲಿ ಜನವರಿ 1ರಿಂದ ಜಾರಿಗೆ ಬಂತು. ಅದರ ತಯಾರಿ ಎಷ್ಟೋ ತಿಂಗಳ ಮೊದಲೇ ನಡೆಯುತ್ತದೆ, ಆದ್ದರಿಂದ ಹಿಂದಿನ ಬೇಸಿಗೆಯಲ್ಲೇ ನಿಮ್ಮ ಪತ್ರ ಹೋಗಿರಬೇಕು.

ಇನ್ನೊಂದು, ಸುಮ್ನೆ ನಿಂತಿರುವ ರೇಕ್ ಹುಡುಕಿ. ಬೆಳಿಗ್ಗೆ ಒಂದು ಊರು ಮುಟ್ಟಿದ ಗಾಡಿ ಸಂಜೆವರೆಗೂ ಅಲ್ಲೇ ನಿಂತಿರುತ್ತದೆ ಅಂದರೆ ಮಧ್ಯೆ ನಲವತ್ತು ಐವತ್ತು ಕಿಲೋಮೀಟರ್ ಹೋಗಿಬರಲು ಸಮಯ ಇದೆಯಾ ನೋಡಬಹುದು. ಎಲ್ಲ ಗಾಡಿಗೂ ಆಗಲ್ಲ, ಆ ಹೊತ್ತಿನಲ್ಲಿ ತೊಳೆಯುವುದು, ಪರೀಕ್ಷೆ ಮಾಡುವುದು ಇರುತ್ತದೆ. ಆದರೂ ಕೇಳಿ.

ನಿಲುಗಡೆಯೇ ಬೇಕು ಅಂದರೆ, ಒಂಟಿ ಹಳಿಯ ಮಾರ್ಗದವರಿಗೆ ಒಂದು ದಾರಿ ಇದೆ. ಎದುರಿನ ಗಾಡಿಗೆ ದಾರಿ ಬಿಡಲು ಎಷ್ಟೋ ಎಕ್ಸ್‌ಪ್ರೆಸ್‌ಗಳು ಸಣ್ಣ ಸ್ಟೇಷನ್‌ನಲ್ಲಿ ಕ್ರಾಸಿಂಗ್‌ಗೆ ಅಂತ ಹೇಗೂ ನಿಲ್ಲುತ್ತವೆ. ಬಾಗಿಲಲ್ಲಿ ನಿಂತವರು ಕೆಳಗಿನವರನ್ನು ನೋಡುತ್ತಾರೆ, ಕೆಳಗಿನವರು ಅವರನ್ನು ನೋಡುತ್ತಾರೆ, ಟಿಕೆಟ್ ಮಾತ್ರ ಸಿಗಲ್ಲ. ರೈಲು ಎಲ್ಲಿದೆ ಅಂತ ತೋರಿಸುವ ಆ್ಯಪ್‌ನಲ್ಲಿ ಒಂದು ತಿಂಗಳು ನೋಡಿ ದಿನಾಂಕ ಸಮೇತ ಬರೆದಿಡಿ. ತಿಂಗಳಲ್ಲಿ ಇಪ್ಪತ್ತು ದಿನ ನಿಲ್ಲುವ ಗಾಡಿಗೆ "ಸಮಯ ಹಾಳಾಗುತ್ತದೆ" ಅನ್ನುವುದು ಕಷ್ಟ. ಒಂದು ನಿಮಿಷದ ನಿಲುಗಡೆ ಅಂದರೂ ವೇಗ ಇಳಿಸಿ, ನಿಂತು, ಮತ್ತೆ ವೇಗ ಹಿಡಿಯಲು ನಾಲ್ಕೈದು ನಿಮಿಷ ಹೋಗುತ್ತದೆ, ಅವರ ಮುಖ್ಯ ತಕರಾರು ಅದೇ. ಆದರೆ ಗಾಡಿ ನಿಲ್ಲುವ ಹಳಿಗೆ ಪ್ಲಾಟ್‌ಫಾರಂ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ. ಹಳಿಯ ಮಟ್ಟದಲ್ಲೇ ಇರುವ ಪ್ಲಾಟ್‌ಫಾರಂ ಆದರೆ ವಯಸ್ಸಾದವರು ಹತ್ತುವುದೇ ಕಷ್ಟ, ಎತ್ತರ ಮಾಡಿಸಲು ಎಂಪಿ ಅನುದಾನ ಕೇಳಬಹುದು.

ಎಕ್ಸ್‌ಪ್ರೆಸ್ ನಿಲುಗಡೆಗೆ ಕೊನೆಗೆ ಒಪ್ಪಬೇಕಾದದ್ದು ದೆಹಲಿಯ ರೈಲ್ವೆ ಮಂಡಳಿ. ಎಂಪಿಯ ಪತ್ರಕ್ಕೆ ಬೆಲೆ ಬರುವುದು ಇಲ್ಲಿ. ವಿಭಾಗದ ಮಟ್ಟದಲ್ಲಿ ರೈಲ್ವೆ ಬಳಕೆದಾರರ ಸಲಹಾ ಸಮಿತಿ ಅಂತ ಇರುತ್ತದೆ, ವ್ಯಾಪಾರಿಗಳ ಸಂಘದವರು, ಪ್ರಯಾಣಿಕರ ಸಂಘದವರು ಅದರಲ್ಲಿ ಸದಸ್ಯರು. ನಿಮ್ಮ ಜಿಲ್ಲೆಯ ಸದಸ್ಯರು ಯಾರು ಅಂತ ಹುಡುಕಿ, ಸಭೆಗೆ ಮುಂಚೆಯೇ ವಿಷಯವನ್ನು ಬರೆದು ಅವರ ಕೈಗೆ ಕೊಡಿ. ಸಭೆಯಲ್ಲಿ ದಾಖಲಾದ ವಿಷಯಕ್ಕೆ ಲಿಖಿತ ಉತ್ತರ ಬರುತ್ತದೆ.

ಬಸ್ ಇಲ್ಲದ ರೈಲು ಯಾರಿಗೆ?

ನಮ್ಮಲ್ಲಿ ಸ್ಟೇಷನ್ ಒಂದು ಕಡೆ, ಊರು ಇನ್ನೊಂದು ಕಡೆ. ಎರಡು ಮೂರು ಕಿಲೋಮೀಟರ್ ನಡೆಯಬೇಕು, ಲೈಟ್ ಇರಲ್ಲ, ಆಟೋದವರು ಕತ್ತಲಾದ ಮೇಲೆ ಹೇಳಿದ್ದೇ ರೇಟು. ಇದನ್ನು ಸರಿ ಮಾಡದೆ ನಿಲುಗಡೆ ತಂದರೆ ಹತ್ತುವವರು ಬರಲ್ಲ, ಆಮೇಲೆ ಜನ ಇಲ್ಲ ಅಂತ ನಿಲುಗಡೆಯೂ ಹೋಗುತ್ತದೆ.

ಇದಕ್ಕೆ ದೆಹಲಿ ಬೇಡ. ನಿಮ್ಮ ತಾಲ್ಲೂಕಿನ ಡಿಪೋ ಮ್ಯಾನೇಜರ್ ಸಾಕು, ಅವರು ಒಪ್ಪದಿದ್ದರೆ ಸಾರಿಗೆ ನಿಗಮದ ವಿಭಾಗೀಯ ನಿಯಂತ್ರಣಾಧಿಕಾರಿ. ಹೊಸ ಬಸ್ ಕೇಳಬೇಡಿ. ಹಳ್ಳಿಯಲ್ಲಿ ರಾತ್ರಿ ನಿಂತು ಬೆಳಿಗ್ಗೆ ಹೊರಡುವ ವಸ್ತಿ ಬಸ್ ಇರುತ್ತದಲ್ವಾ, ಅದು ಬೈಪಾಸ್ ಹಿಡಿಯುವ ಬದಲು ಸ್ಟೇಷನ್ ರಸ್ತೆಗೆ ಬಂದು ಹೋಗಲಿ ಅಂತ ಕೇಳಿ. ಬಸ್ಸಿನ ವೇಳಾಪಟ್ಟಿ ಕಾಗದದಲ್ಲಿ, ಅಂದರೆ ಫಾರಂ ನಾಲ್ಕರಲ್ಲಿ, ಅದು ಸೇರಬೇಕು. ಬಾಯಿಮಾತಿನಲ್ಲಿ ಒಪ್ಪಿಕೊಂಡರೆ ಕಂಡಕ್ಟರ್ ಬದಲಾದ ದಿನ ಬಸ್ ಮತ್ತೆ ಬೈಪಾಸ್‌ನಲ್ಲೇ ಹೋಗುತ್ತದೆ. ಸಂಜೆ ಬಸ್ಸಿಗೆ ರೈಲಿನ ಸಮಯಕ್ಕಿಂತ ಇಪ್ಪತ್ತು ನಿಮಿಷ ಜಾಸ್ತಿ ಇಡಿಸಿ, ಗಾಡಿ ಸ್ವಲ್ಪ ಲೇಟಾದರೂ ಸಿಗಲಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ ಉಚಿತ ಇದೆ, ಆದರೆ ಸ್ಟೇಷನ್‌ಗೆ ಬಸ್ಸೇ ಇಲ್ಲದಿದ್ದರೆ ಉಚಿತದಿಂದ ಏನು ಉಪಯೋಗ? ಈ ಮಾತನ್ನು ಅರ್ಜಿಯಲ್ಲಿ ಹೀಗೇ ಬರೆಯಿರಿ. ಸ್ಟೇಷನ್ ರಸ್ತೆಯ ದೀಪಕ್ಕೆ ಗ್ರಾಮ ಪಂಚಾಯ್ತಿಯಲ್ಲಿ ಠರಾವು ಮಾಡಿಸಿ.

ನಿಲುಗಡೆ ಸಿಕ್ಕ ಮೇಲೆ

ಸಾಮಾನ್ಯವಾಗಿ ಮೊದಲು ಕೊಡುವುದು ಪ್ರಾಯೋಗಿಕ ನಿಲುಗಡೆ, ಹೆಚ್ಚಾಗಿ ಆರು ತಿಂಗಳಿಗೆ. ತಾಳಗುಪ್ಪ ಮಾರ್ಗದ ಕುಂಸಿ, ಅರಸಾಳು ಸ್ಟೇಷನ್‌ಗಳಲ್ಲಿ ತಾತ್ಕಾಲಿಕ ಅಂತಲೇ ಕೊಟ್ಟು ಮತ್ತೆ ಮತ್ತೆ ವಿಸ್ತರಿಸುತ್ತಾ ಬಂದಿದ್ದಾರೆ. ಆ ಆರು ತಿಂಗಳ ಟಿಕೆಟ್ ಲೆಕ್ಕದ ಮೇಲೆಯೇ ಮುಂದಿನದು ನಿಂತಿದೆ.

ಆದ್ದರಿಂದ ಊರಲ್ಲಿ ಎಲ್ಲರಿಗೂ ಹೇಳಿ: ಟಿಕೆಟ್ ನಮ್ಮ ಸ್ಟೇಷನ್‌ನಿಂದಲೇ ತೆಗೆಸಿ. ಮುಂದಿನ ಜಂಕ್ಷನ್‌ನಿಂದ ತೆಗೆಸಿದರೆ ಆ ಲೆಕ್ಕ ಜಂಕ್ಷನ್‌ಗೆ ಹೋಗುತ್ತದೆ. ರಿಸರ್ವೇಷನ್ ಮಾಡುವಾಗಲೂ ಹೊರಡುವ ಜಾಗಕ್ಕೆ ನಮ್ಮೂರ ಹೆಸರೇ ಹಾಕಿ. ದಿನಾ ಹೋಗುವವರು ಸೀಸನ್ ಪಾಸ್ ಮಾಡಿಸಲಿ. ಕೌಂಟರ್ ಮುಚ್ಚಿದ್ದರೆ ಮೊಬೈಲ್‌ನಲ್ಲಿ ರೈಲ್‌ಒನ್ ಆ್ಯಪ್ ಇದೆ, ಗೊತ್ತಿಲ್ಲದವರಿಗೆ ಹುಡುಗರು ಕೂತು ಹಾಕಿಕೊಡಲಿ. ಪ್ಯಾಸೆಂಜರ್ ಗಾಡಿಯ ಕನಿಷ್ಠ ದರ ಕೋವಿಡ್ ಹೊತ್ತಿನಲ್ಲಿ 30 ರೂಪಾಯಿ ಆಗಿದ್ದು 2024ರಲ್ಲಿ ಮತ್ತೆ 10ಕ್ಕೆ ಇಳಿದಿದೆ, ಈಗಲೂ ಅದು ತಿಳಿಯದೆ ಬಸ್ಸಿಗೆ ಹೋಗುವವರಿದ್ದರೆ ಅವರಿಗೂ ಹೇಳಿ. ಟಿಕೆಟ್ ಇಲ್ಲದೆ ಹತ್ತುವವರನ್ನು ಊರವರೇ ತಡೆಯಬೇಕು, ಅವರು ಉಳಿಸುವ ಹತ್ತು ರೂಪಾಯಿಗೆ ಊರಿನ ರೈಲು ಹೋಗುತ್ತದೆ.

ನಾಲ್ಕನೇ ತಿಂಗಳು ಮುಗಿಯುತ್ತಿದ್ದಂತೆ ಇನ್ನೊಂದು ಮಾಹಿತಿ ಹಕ್ಕು ಅರ್ಜಿ ಹಾಕಿ ನಿಲುಗಡೆಯ ಟಿಕೆಟ್ ಲೆಕ್ಕ ತೆಗೆಸಿ. ಉತ್ತರ ಬರಲು ಒಂದು ತಿಂಗಳು ಹಿಡಿಯುತ್ತದೆ. ಐದನೇ ತಿಂಗಳಲ್ಲಿ ಆ ಅಂಕಿಗಳನ್ನು ಲಗತ್ತಿಸಿ ವಿಸ್ತರಣೆಯ ಅರ್ಜಿ ಡಿಆರ್‌ಎಂಗೆ ಒಂದು, ಎಂಪಿಗೆ ಒಂದು ಕೊಟ್ಟು, ಎರಡರ ಮೇಲೂ ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ.