ಸಣ್ಣ ಜೇನು ಉದ್ಯಮಕ್ಕೆ ಬ್ರ್ಯಾಂಡ್ ರೂಪಿಸುವ ಬಗೆ

ಹತ್ತಿಪ್ಪತ್ತು ಪೆಟ್ಟಿಗೆ ಇಟ್ಟುಕೊಂಡು ಜೇನು ಮಾರಲು ಹೊರಟ ಮಲೆನಾಡಿನ ಕೃಷಿಕರು ಸಾಮಾನ್ಯವಾಗಿ ಮೊದಲು ಕೈಹಾಕುವುದು ಲೋಗೋ ಮಾಡಿಸುವುದಕ್ಕೆ. ಆ ಕೆಲಸವನ್ನು ಕೊನೆಗೆ ಇಟ್ಟುಕೊಳ್ಳುವುದು ಲೇಸು. ತಮ್ಮ ಜೇನು ಯಾವ ನೊಣದ್ದು, ಯಾವ ಊರಿನದು, ಯಾವ ತಿಂಗಳಲ್ಲಿ ಯಾವ ಹೂವಿನಿಂದ ಬಂದದ್ದು ಎಂಬುದನ್ನು ಮೊದಲು ಒಂದು ಹಾಳೆಯಲ್ಲಿ ಬರೆದುಕೊಳ್ಳಬೇಕು. ಪೆಟ್ಟಿಗೆಯಲ್ಲಿ ಸಾಕಿದ ತುಡುವೆಯ ತುಪ್ಪ, ಮರದಿಂದ ಇಳಿಸಿದ ಹೆಜ್ಜೇನು, ಪುಟ್ಟ ಮಿಸರಿ ನೊಣದಿಂದ ಸ್ವಲ್ಪವೇ ಸಿಗುವ ಜೇನು, ಇವು ಬೇರೆ ಬೇರೆ ಸರಕುಗಳು. ಮೂರಕ್ಕೂ ಒಂದೇ ಲೇಬಲ್ ಅಂಟಿಸಿದರೆ ಬೆಲೆ ಏಕೆ ಬೇರೆ ಎಂದು ಗಿರಾಕಿಗೆ ತಿಳಿಯುವುದಿಲ್ಲ.

ಹೆಸರಿನ ವಿಷಯದಲ್ಲಿ ಅವಸರ ಬೇಡ. 'ಶುದ್ಧ ಜೇನು', 'ಮಲೆನಾಡು ಜೇನು' ಎಂಬಂಥವು ಸರಕಿನ ಗುಣವನ್ನೋ ಪ್ರದೇಶವನ್ನೋ ಮಾತ್ರ ಹೇಳುವುದರಿಂದ 1999ರ ಟ್ರೇಡ್‌ಮಾರ್ಕ್ ಕಾಯ್ದೆಯಡಿ ಅವುಗಳಿಗೆ ನೋಂದಣಿ ಸಿಗುವುದು ಕಷ್ಟ. ತೋಟದ ಹೆಸರು, ಮನೆತನದ ಹೆಸರು ಅಥವಾ ಊರವರು ಮಾತ್ರ ಬಳಸುವ ಯಾವುದಾದರೂ ಹಳ್ಳದ ಹೆಸರು ಇದಕ್ಕಿಂತ ಮೇಲು. ಟ್ರೇಡ್‌ಮಾರ್ಕ್ ನೋಂದಣಿಗಾಗಿ ಸರಕುಗಳನ್ನು ವಿಂಗಡಿಸಿರುವ ವರ್ಗಗಳಲ್ಲಿ ಜೇನುತುಪ್ಪ 30ನೆಯದರಲ್ಲಿ ಬರುತ್ತದೆ. ಅದೇ ವರ್ಗದಲ್ಲಿ ಅದೇ ಹೆಸರು ಈಗಾಗಲೇ ಇದೆಯೇ ಎಂದು ಆನ್‌ಲೈನಿನಲ್ಲಿ ಹುಡುಕಿಯೇ ಮುಂದುವರಿಯಬೇಕು.

ಚಿತ್ರಕ್ಕೆ ಬಂದರೆ, ಹಳದಿ ಷಟ್ಕೋನ ಮತ್ತು ನಗುವ ನೊಣ ಎಲ್ಲರ ಬಾಟಲಿಯ ಮೇಲೂ ಇವೆ. ಅಂತರ್ಜಾಲದಿಂದ ಇಳಿಸಿಕೊಂಡ ಆ ದುಂಡು ನೊಣ ಬಹಳಷ್ಟು ಸಲ ಬಂಬಲ್‌ಬೀ. ಮಾರುವಷ್ಟು ತುಪ್ಪ ಕೂಡಿಡುವ ಜಾತಿಯೇ ಅದಲ್ಲ. ತೋಟದಲ್ಲಿ ನಿಜವಾಗಿ ಅರಳುವ ಕಾಫಿ, ನೇರಳೆ ಅಥವಾ ಅಂಟುವಾಳದ ಹೂವಿನ ಸರಳ ರೇಖಾಚಿತ್ರವೇ ಸಾಕು. ಬಣ್ಣ ಆರಿಸುವಾಗ ತುಪ್ಪದ ಬಣ್ಣವನ್ನೇ ಮೊದಲು ನೋಡಬೇಕು: ರಬ್ಬರ್ ತೋಟದ ಜೇನು ತಿಳಿಯಾಗಿದ್ದರೆ ನೇರಳೆಯದು ಕಪ್ಪಿಗೆ ತಿರುಗಿರುತ್ತದೆ. ಚಿನ್ನದ ಹಳದಿಯ ಲೇಬಲ್ ಪಕ್ಕದಲ್ಲಿ ಎರಡೂ ಮಂಕಾಗಿ ಕಾಣುತ್ತವೆ. ಕೆನೆಬಿಳುಪು ಅಥವಾ ದಟ್ಟ ಹಸಿರು ಎರಡಕ್ಕೂ ಹೊಂದುತ್ತದೆ.

ಹೆಚ್ಚಿನ ಗಮನ ಅಕ್ಷರಕ್ಕೆ ಸಲ್ಲಬೇಕು. ತುಪ್ಪ ನೀರಿಗಿಂತ ಸುಮಾರು 1.4 ಪಟ್ಟು ತೂಕದ್ದಾದ್ದರಿಂದ 500 ಗ್ರಾಂ ಜೇನಿಗೆ ಸುಮಾರು 350 ಮಿಲಿಲೀಟರಿನ ಬಾಟಲಿ ಸಾಕು. ಎಂದರೆ ಲೇಬಲ್‌ಗೆ ಸಿಗುವ ಜಾಗವೂ ಚಿಕ್ಕದು. ಅಷ್ಟರಲ್ಲಿ 'ಜೇನುತುಪ್ಪ', 'ನಿವ್ವಳ' ಎಂಬ ಪದಗಳ ಒತ್ತಕ್ಷರ ಮಸಿ ತುಂಬಿ ಚುಕ್ಕೆಯಂತಾಗುವುದನ್ನು ಎಷ್ಟೋ ಬಾಟಲಿಗಳಲ್ಲಿ ಕಾಣಬಹುದು. ಸಾಲುಗಳ ನಡುವೆ ಒತ್ತಿಗೆ ಬೇಕಾದಷ್ಟು ಜಾಗ ಬಿಟ್ಟು, ನಿಜ ಅಳತೆಯಲ್ಲಿ ಮುದ್ರಿಸಿ, ಕೈಯಳತೆಯಲ್ಲಿ ಹಿಡಿದು ಓದಬೇಕು. ಬಾಲೂ ತಮ್ಮ, ನೋಟೊ ಸೆರಿಫ್ ಕನ್ನಡ ಮೊದಲಾದ ಫಾಂಟುಗಳು ಮುಕ್ತ ಪರವಾನಗಿಯಲ್ಲಿ ದೊರೆಯುವುದರಿಂದ ವ್ಯಾಪಾರಕ್ಕೆ ಬಳಸಲು ಅಡ್ಡಿಯಿಲ್ಲ.

ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಕೊಡುವ 14 ಅಂಕಿಯ ಸಂಖ್ಯೆ, ನಿವ್ವಳ ತೂಕ, ಬ್ಯಾಚ್, ಪ್ಯಾಕ್ ಮಾಡಿದ ದಿನಾಂಕ, ಗರಿಷ್ಠ ಮಾರಾಟ ಬೆಲೆ, ವಿಳಾಸ, ಹಸಿರು ಚುಕ್ಕೆ, ಇವಕ್ಕೆಲ್ಲ ವಿನ್ಯಾಸದ ಆರಂಭದಲ್ಲೇ ಜಾಗ ಕಾದಿರಿಸಬೇಕು. ತುಪ್ಪದ ಅಂಟು ತಾಗುವುದರಿಂದ ಲೇಬಲ್‌ಗೆ ಲ್ಯಾಮಿನೇಷನ್ ಬೇಕೇ ಬೇಕು. ಆದರೆ ಅದರ ಮೇಲೆ ರಬ್ಬರ್ ಸ್ಟ್ಯಾಂಪಿನ ಶಾಯಿ ನಿಲ್ಲದ ಕಾರಣ ದಿನಾಂಕವನ್ನು ಬೇರೆ ಚೀಟಿಯಲ್ಲಿ ಮುದ್ರಿಸುವುದು ಒಳ್ಳೆಯದು. ಮಧುಮೇಹ, ಕೆಮ್ಮು ವಾಸಿಯಾಗುತ್ತದೆ ಎಂಬ ಮಾತು ಲೇಬಲ್‌ನ ಮೇಲೆ ಸಲ್ಲದು. ಅದರ ಬದಲು ಹರಳುಗಟ್ಟುವುದು ಜೇನಿನ ಸಹಜ ಗುಣ, ಬಾಟಲಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿಟ್ಟರೆ ಕರಗುತ್ತದೆ ಎಂದೂ, ಒಂದು ವರ್ಷದೊಳಗಿನ ಮಗುವಿಗೆ ಕೊಡಬಾರದು ಎಂದೂ ಬರೆದರೆ ಕಲಬೆರಕೆಯ ದೂರುಗಳು ಕಡಿಮೆಯಾಗುತ್ತವೆ, ಎಚ್ಚರಿಕೆಯನ್ನೂ ಕೊಟ್ಟಂತಾಗುತ್ತದೆ.

ಹೂವು ಮತ್ತು ಕೊಯ್ಲಿನ ತಿಂಗಳು ಪ್ರತಿ ಸಲವೂ ಬದಲಾಗುವುದರಿಂದ ಅವೆರಡನ್ನೂ ದಿನಾಂಕದ ಚೀಟಿಗೇ ಸೇರಿಸಿ, ಮುಖ್ಯ ಲೇಬಲ್ ಅನ್ನು ಹಾಗೆಯೇ ಉಳಿಸಿಕೊಳ್ಳಬಹುದು. ಆಗ ಮುದ್ರಣಾಲಯಕ್ಕೆ ಪ್ರತಿ ಕೊಯ್ಲಿಗೂ ಅಲೆಯಬೇಕಾಗಿಲ್ಲ. ಚೀಟಿಯನ್ನು ಮನೆಯ ಪ್ರಿಂಟರ್‌ನಲ್ಲೇ ತೆಗೆಯಬಹುದು.